ದೂರದ ಈಡಿಗೆ ಬೇಟೆಯ ರೈಫಲ್ ಬದಲಾಯಿಸಬೇಕಾ? ಖರ್ಚು ಮಾಡುವ ಮೊದಲು ನೋಡಬೇಕಾದ್ದು

ಸೀಸನ್ ಹತ್ತಿರ ಬಂತೆಂದರೆ ಅಮೆರಿಕದಲ್ಲಿ ಬೇಟೆ ಕಲಿತ ಕನ್ನಡಿಗರು ನನ್ನನ್ನು ಮತ್ತೆ ಮತ್ತೆ ಕೇಳುವುದು ಒಂದೇ. “ನನ್ನ ಹತ್ರ ಒಂದು ಹಳೇ .30-06 ರೈಫಲ್ ಇದೆ. 200 ಗಜಕ್ಕೆ ಚೆನ್ನಾಗಿ ಬೀಳುತ್ತೆ. ಈ ಸಲ ಕೊಲೊರಾಡೊಗೆ ಎಲ್ಕ್ (ನಮ್ಮ ಕಡವೆಯ ಬಳಗದ ಪ್ರಾಣಿ) ಬೇಟೆಗೆ ಹೋಗ್ತಿದ್ದೀವಿ. ಅಲ್ಲಿ 500 ಗಜದ ಈಡು ಬರುತ್ತಂತೆ. ಹೊಸ ನಳಿಗೆ ಹಾಕಿಸಲಾ? ಸ್ಕೋಪ್ ಬದಲಾಯಿಸಲಾ?”

ಈಗಲೇ ಎರಡೂ ಬೇಡ. ಕೆಲವರಿಗೆ ಬದಲಾವಣೆ ನಿಜವಾಗಿಯೂ ಬೇಕಾಗಬಹುದು. ಆದರೆ ಅದು ಗೊತ್ತಾಗುವುದು ಅಂಗಡಿಯಲ್ಲಿ ಅಲ್ಲ, ಗುಂಡು ಹೊಡೆದು ಅಭ್ಯಾಸ ಮಾಡುವ ರೇಂಜಿನಲ್ಲಿ. ಕೆಳಗಿನ ಹಂತಗಳನ್ನು ಇದೇ ಕ್ರಮದಲ್ಲಿ ಮಾಡಿ. ಮೊದಲ ನಾಲ್ಕು ಹಂತ ಮುಗಿಯುವವರೆಗೆ ತೋಟಾ ಬಿಟ್ಟು ಬೇರೇನೂ ಕೊಳ್ಳಬೇಡಿ.

ಊರಿನವರಿಗೆ ಒಂದು ಮಾತು. ಇದು ಅಮೆರಿಕದ ಪಶ್ಚಿಮದ ರಾಜ್ಯಗಳಲ್ಲಿ ಲೈಸೆನ್ಸ್ ಪಡೆದು ಬೇಟೆಯಾಡುವವರಿಗೆ ಬರೆದದ್ದು. ಭಾರತದಲ್ಲಿ 1972ರ ವನ್ಯಜೀವಿ ಕಾಯ್ದೆಯಿಂದ ಬೇಟೆ ನಿಷಿದ್ಧ. ಕೊಡಗಿನಲ್ಲಿ ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಇರುವ ವಿನಾಯಿತಿ ಕೋವಿ ಇಟ್ಟುಕೊಳ್ಳಲು ಮಾತ್ರ, ಬೇಟೆಗೆ ಅಲ್ಲ. ಲೈಸೆನ್ಸ್ ಇಲ್ಲದೆ ಕೋವಿ ಮಾರ್ಪಡಿಸುವುದೂ ಅಲ್ಲಿ ಅಪರಾಧ.

1. ಮೊದಲು ನಿಮ್ಮ ಕಾಗದಪತ್ರ

ಇದನ್ನು ತುಂಬಾ ಜನ ಬಿಟ್ಟುಬಿಡುತ್ತಾರೆ. ಎಚ್-1ಬಿ, ಎಚ್-4, ಎಫ್-1 ತರಹದ ತಾತ್ಕಾಲಿಕ ವೀಸಾದಲ್ಲಿ ಇರುವವರು ಕೋವಿಯನ್ನಾಗಲಿ ತೋಟಾವನ್ನಾಗಲಿ ಇಟ್ಟುಕೊಳ್ಳುವುದನ್ನು ಅಮೆರಿಕದ ಫೆಡರಲ್ ಕಾನೂನು ನಿಷೇಧಿಸುತ್ತದೆ. ಇದಕ್ಕಿರುವ ಮುಖ್ಯ ವಿನಾಯಿತಿ, ಅಲ್ಲಿನ ಯಾವುದಾದರೂ ರಾಜ್ಯ ಕೊಟ್ಟ, ಅವಧಿ ಮುಗಿಯದ ಬೇಟೆಯ ಲೈಸೆನ್ಸ್. ಲೈಸೆನ್ಸ್ ಮಾರ್ಚ್‌ನಲ್ಲಿ ಮುಗಿದು, ರೈಫಲ್ ಕಪಾಟಿನಲ್ಲೇ ಇದ್ದರೆ ನೀವು ತೊಂದರೆಯಲ್ಲಿದ್ದೀರಿ ಎಂದೇ ಅರ್ಥ. ರೇಂಜಿನಲ್ಲಿ ಗೆಳೆಯರ ರೈಫಲ್ ಕೈಗೆ ತೆಗೆದುಕೊಳ್ಳುವುದೂ ಇದರೊಳಗೇ ಬರುತ್ತದೆ. ಗ್ರೀನ್ ಕಾರ್ಡ್ ಇದ್ದವರಿಗೆ ಈ ನಿಷೇಧ ಇಲ್ಲ. ಅನುಮಾನ ಇದ್ದರೆ ಗೆಳೆಯರನ್ನು ಕೇಳಬೇಡಿ, ವಲಸೆ ಕಾನೂನಿನ ವಕೀಲರನ್ನು ಕೇಳಿ. ಇಲ್ಲಿ ತಪ್ಪಿದರೆ ಹೋಗುವುದು ವೀಸಾ.

ಆಮೇಲೆ ಹೋಗುವ ರಾಜ್ಯದ ನಿಯಮ. ಕೊಲೊರಾಡೊದಲ್ಲಿ ದೊಡ್ಡ ಪ್ರಾಣಿಗಳ ಬೇಟೆಗೆ ರೈಫಲ್ ಕನಿಷ್ಠ .24 ಕ್ಯಾಲಿಬರ್ (ಇಂಚಿನಲ್ಲಿ ನಳಿಗೆಯ ಒಳ ಅಗಲ) ಇರಬೇಕು. ನಳಿಗೆ ಕನಿಷ್ಠ 16 ಇಂಚು. ಎಲ್ಕ್‌ಗೆ ಗುಂಡಿನ ತೂಕ ಕನಿಷ್ಠ 85 ಗ್ರೇನ್ (ಸುಮಾರು ಐದೂವರೆ ಗ್ರಾಂ). ಐಡಾಹೊದಲ್ಲಿ ಸ್ಕೋಪ್, ಬೆಲ್ಟ್ ಎಲ್ಲ ಸೇರಿ ರೈಫಲ್ 16 ಪೌಂಡ್ ದಾಟುವಂತಿಲ್ಲ, ಅದಕ್ಕೆ ಎಲೆಕ್ಟ್ರಾನಿಕ್ ಸಾಧನ ಜೋಡಿಸುವುದಕ್ಕೂ ನಿರ್ಬಂಧ ಇದೆ. ಕ್ಯಾಲಿಫೋರ್ನಿಯಾದಲ್ಲಿ 2019ರ ಜುಲೈ 1ರಿಂದ ಬೇಟೆಗೆ ಸೀಸದ ಗುಂಡು ಬಳಸುವಂತಿಲ್ಲ. ನೀವು ಮಾಡಿಸಬೇಕೆಂದಿರುವ ಬದಲಾವಣೆ ಇವುಗಳಲ್ಲಿ ಯಾವುದಕ್ಕಾದರೂ ತಾಗುತ್ತದಾ ಅಂತ ಆ ವರ್ಷದ ನಿಯಮ ಪುಸ್ತಕದಲ್ಲಿ ನೋಡಿ.

2. ನಿಮ್ಮ ಕೈಯ ದೂರ ಎಷ್ಟು, ಅಳೆಯಿರಿ

“ನನ್ನ ರೈಫಲ್ 500 ಗಜಕ್ಕೆ ಹೋಗುತ್ತಾ” ಅನ್ನುವ ಪ್ರಶ್ನೆಗಿಂತ ಮುಂಚೆ “ನಾನು ಎಷ್ಟು ದೂರ ಹೋಗ್ತೀನಿ” ಅಂತ ಗೊತ್ತಾಗಬೇಕು, ಅಲ್ವಾ? ಗಜದ ಲೆಕ್ಕ ಕಣ್ಣಿಗೆ ಕಟ್ಟದಿದ್ದರೆ ಹೀಗೆ ನೋಡಿ: ಕ್ರಿಕೆಟ್ ಪಿಚ್ 22 ಗಜ. 300 ಗಜ ಅಂದರೆ ಅಂಥ ಹದಿಮೂರೂವರೆ ಪಿಚ್ ಸಾಲಾಗಿ ಹಾಸಿದಷ್ಟು. 500 ಅಂದರೆ ಇಪ್ಪತ್ತೆರಡಕ್ಕೂ ಜಾಸ್ತಿ.

ಪರೀಕ್ಷೆ ಸರಳ. ರಟ್ಟಿನ ಮೇಲೆ 8 ಇಂಚು ಅಗಲದ ವೃತ್ತ ಬರೆಯಿರಿ. ಜಿಂಕೆಯ ಹೃದಯ ಮತ್ತು ಶ್ವಾಸಕೋಶ ಇರುವ ಜಾಗಕ್ಕೆ ಬೇಟೆಗಾರರು ಹಿಡಿಯುವ ಅಳತೆ ಇದು. ಎಲ್ಕ್ ಜಿಂಕೆಗಿಂತ ಭಾರಿ ಪ್ರಾಣಿ. ಅದಕ್ಕೆ 12 ಇಂಚು ಹಿಡಿಯಬಹುದು. ಆದರೆ ಅಭ್ಯಾಸ 8ರಲ್ಲೇ ಇರಲಿ.

ಈಗ ಬೆಂಚ್ ಬಿಟ್ಟು ಏಳಿ. ರೇಂಜಿನ ಬೆಂಚ್, ಮರಳು ಚೀಲ ಯಾವುದೂ ಕಾಡಿನಲ್ಲಿ ಸಿಗುವುದಿಲ್ಲ. ಬ್ಯಾಗಿನ ಮೇಲೆ ರೈಫಲ್ ಇಟ್ಟು ಮಲಗಿ, ಕೋಲಿನ ಆಸರೆಯಲ್ಲಿ ಕುಳಿತು, ಮಂಡಿಯೂರಿ ಹೊಡೆಯಿರಿ. ಹೊಡೆಯುವ ಮೊದಲು ಉಸಿರು ಏರುವಷ್ಟು ನಡೆದು ಬನ್ನಿ. ನಳಿಗೆ ತಣ್ಣಗಿರಬೇಕು. ಒಂದೇ ಗುಂಡು ಹೊಡೆದು ನಿಲ್ಲಿಸಿ. ಎಲ್ಕ್ ನಿಮ್ಮ ಮೊದಲ ಗುಂಡಿಗೆ ಮಾತ್ರ ಸುಮ್ಮನೆ ನಿಂತಿರುತ್ತದೆ. ಎರಡನೆಯದಕ್ಕೆ, ಮೂರನೆಯದಕ್ಕೆ ಕಾಯುವುದಿಲ್ಲ.

ಇದನ್ನು 100 ಗಜದಲ್ಲಿ ಶುರು ಮಾಡಿ. ಬೇರೆ ಬೇರೆ ದಿನ, ಬೇರೆ ಬೇರೆ ಹವೆಯಲ್ಲಿ ಹತ್ತು ‘ಮೊದಲ ಗುಂಡು’ ಸೇರಿಸಿ. ಹತ್ತಕ್ಕೆ ಹತ್ತೂ ವೃತ್ತದೊಳಗೆ ಬಿದ್ದರೆ 200ಕ್ಕೆ ಹೋಗಿ. ಅಲ್ಲೂ ಹತ್ತು ಬಿದ್ದರೆ 250, ಆಮೇಲೆ 300. ಎಲ್ಲಿ ಒಂದು ಹೊರಗೆ ಹೋಗುತ್ತದೋ, ಅದರ ಹಿಂದಿನ ದೂರವೇ ಸದ್ಯಕ್ಕೆ ನಿಮ್ಮ ಮಿತಿ. “ಅದೊಂದು ಸುಮ್ನೆ ಕೈ ಜಾರಿತು” ಅಂತ ಅದನ್ನು ಲೆಕ್ಕದಿಂದ ಬಿಡಬೇಡಿ. ಕಾಡಿನಲ್ಲಿ ಅದೇ ಒಂದು ಗುಂಡಿಗೆ ಪ್ರಾಣಿ ಕಾಲು ಮುರಿದುಕೊಂಡು ಓಡುತ್ತದೆ.

ಈ ಪರೀಕ್ಷೆಯನ್ನು ನಿಜವಾಗಿ ಮಾಡಿದವರಲ್ಲಿ ಹೆಚ್ಚಿನವರ ಮಿತಿ 200 ಮತ್ತು 300ರ ನಡುವೆ ನಿಲ್ಲುವುದನ್ನು ನೋಡಿದ್ದೇನೆ. ನಿಮ್ಮದೂ ಅಷ್ಟೇ ಬಂದರೆ ಮುಂದಿನ ಹಂತಗಳ ದುಡ್ಡನ್ನು ತೋಟಾಗೆ ಹಾಕಿ, ಅಭ್ಯಾಸ ಮಾಡಿ. .30-06 ಅನ್ನು ಸರಿಯಾಗಿ ಝೀರೋ ಮಾಡಿದರೆ, ಅಂದರೆ ಗುಂಡು ಬೀಳುವ ಜಾಗಕ್ಕೂ ಸ್ಕೋಪಿನ ಗುರಿಗೂ ಹೊಂದಿಸಿಟ್ಟರೆ, ಸುಮಾರು 270 ಗಜದವರೆಗೆ ಸ್ಕೋಪಿನಲ್ಲಿ ಏನನ್ನೂ ತಿರುಗಿಸದೆ ನೇರ ಎದೆಗೆ ಗುರಿ ಇಟ್ಟು ಹೊಡೆಯಬಹುದು. ಗುಂಡು ಗುರಿಯ ಗೆರೆಗಿಂತ 4 ಇಂಚು ಮೇಲೂ ಹೋಗುವುದಿಲ್ಲ, 4 ಇಂಚು ಕೆಳಗೂ ಹೋಗುವುದಿಲ್ಲ. ಹಳೆಯ ರೈಫಲ್ ಈಗಲೇ ಇಷ್ಟು ಮಾಡುತ್ತದೆ.

3. 300 ಆದ ಮೇಲೆ ಗುಂಡಿಗೆ ಏನಾಗುತ್ತದೆ

ಈ ಲೆಕ್ಕ ಒಮ್ಮೆ ತಲೆಗೆ ಹೋದರೆ ಅರ್ಧ ಗೊಂದಲ ಮುಗಿಯುತ್ತದೆ. .30-06ರ 180 ಗ್ರೇನ್ ಗುಂಡು, ನಳಿಗೆಯಿಂದ ಸೆಕೆಂಡಿಗೆ 2,700 ಅಡಿ ವೇಗ, 200 ಗಜಕ್ಕೆ ಝೀರೋ ಅಂತ ಇಟ್ಟುಕೊಳ್ಳಿ. ಗುಂಡು 300 ಗಜದಲ್ಲಿ ಸುಮಾರು 8 ಇಂಚು ಕೆಳಗೆ ಬೀಳುತ್ತದೆ. 400ರಲ್ಲಿ ಸುಮಾರು 24. 500ರಲ್ಲಿ ಸುಮಾರು 48, ಅಂದರೆ 4 ಅಡಿ.

ಇಷ್ಟೊಂದು ಬೀಳುತ್ತದೆ ಅಂತ ಹೆದರಬೇಡಿ. ಇದು ಲೆಕ್ಕಕ್ಕೆ ಸಿಗುವ ವಿಷಯ. ಲೇಸರ್ ರೇಂಜ್‌ಫೈಂಡರ್ ದೂರ ಹೇಳುತ್ತದೆ, ಕಾರ್ಡಿನಲ್ಲಿ ಬರೆದುಕೊಂಡ ಲೆಕ್ಕ ಎಷ್ಟು ತಿರುಗಿಸಬೇಕು ಅಂತ ಹೇಳುತ್ತದೆ. ಗುಡ್ಡದ ಇಳಿಜಾರಿನಲ್ಲಿ ಮಾತ್ರ ಎಚ್ಚರ. 30 ಡಿಗ್ರಿ ಇಳಿಜಾರಿನಲ್ಲಿ 400 ಗಜ ಅಂತ ಕಂಡರೆ, ಗುಂಡು ಬೀಳುವ ಲೆಕ್ಕಕ್ಕೆ ಅದು 346 ಗಜ. ಕೋನ ಸೇರಿಸಿ ಹೇಳುವ ರೇಂಜ್‌ಫೈಂಡರ್ ಕೊಳ್ಳುವುದು ಇದಕ್ಕೇ.

ಲೆಕ್ಕಕ್ಕೆ ಸಿಗದಿರುವುದು ಗಾಳಿ. ಅಡ್ಡಗಾಳಿ ಗಂಟೆಗೆ 10 ಮೈಲಿ ಇದ್ದರೆ ಇದೇ ಗುಂಡು 300 ಗಜದಲ್ಲಿ ಸುಮಾರು 7 ಇಂಚು ಪಕ್ಕಕ್ಕೆ ಹೋಗುತ್ತದೆ. 400ರಲ್ಲಿ 12. 500ರಲ್ಲಿ 20. ಈಗ ನೀವು ಗಾಳಿಯನ್ನು ಬರೀ 5 ಮೈಲಿ ತಪ್ಪಾಗಿ ಅಂದಾಜು ಮಾಡಿದಿರಿ ಅಂದುಕೊಳ್ಳಿ. 300 ಗಜದಲ್ಲಿ ಮೂರೂವರೆ ಇಂಚಿನ ತಪ್ಪು, ಗುಂಡು ಇನ್ನೂ ವೃತ್ತದೊಳಗೇ ಇದೆ. 500ರಲ್ಲಿ 10 ಇಂಚಿನ ತಪ್ಪು. ಎಲ್ಕ್‌ನ 12 ಇಂಚಿನ ವೃತ್ತದಿಂದಲೂ ಹೊರಗೆ, ಹೊಟ್ಟೆಯಲ್ಲಿ. ಕಣಿವೆಯ ಈಚೆ ದಡದಲ್ಲಿ ನಿಮ್ಮ ಕೆನ್ನೆಗೆ ತಾಗುವ ಗಾಳಿ ಒಂದು, ನಡುವೆ ಬೀಸುವುದು ಇನ್ನೊಂದು, ಪ್ರಾಣಿ ನಿಂತ ಕಡೆಯದು ಮತ್ತೊಂದು. 5 ಮೈಲಿ ತಪ್ಪುವುದು ಅನುಭವಿಗಳಿಗೂ ಸುಲಭ.

ಉದ್ದನೆಯ, ಚೂಪು ಮೂತಿಯ ಗುಂಡು ಹೊಡೆಯುವ 6.5 ಕ್ರೀಡ್‌ಮೂರ್ ತರಹದ ರೈಫಲ್ ಆ 20 ಇಂಚನ್ನು 15ರ ಆಸುಪಾಸಿಗೆ ಇಳಿಸಬಹುದು. ಅದು ನಿಜವಾದ ಲಾಭವೇ. ಆದರೆ 5 ಮೈಲಿ ತಪ್ಪಿದರೆ ಆಗಲೂ ಏಳು ಇಂಚಿನ ಮೇಲೆ ತಪ್ಪುತ್ತದೆ. ಯಾವ ನಳಿಗೆಯೂ ಗಾಳಿ ಓದುವುದಿಲ್ಲ, ಅದನ್ನು ನೀವೇ ಕಲಿಯಬೇಕು.

ಇನ್ನೆರಡು ವಿಷಯ. ಗುಂಡು 500 ಗಜ ತಲುಪಲು ಮುಕ್ಕಾಲು ಸೆಕೆಂಡಿಗೆ ಸ್ವಲ್ಪ ಕಡಿಮೆ ಹೊತ್ತು ಬೇಕು. ಮೇಯುತ್ತಿರುವ ಪ್ರಾಣಿ ಅಷ್ಟರಲ್ಲಿ ಒಂದು ಹೆಜ್ಜೆ ಇಟ್ಟರೆ ಎದೆಗೆ ಹೊಡೆದದ್ದು ಹೊಟ್ಟೆಗೆ ಬೀಳುತ್ತದೆ. ಜೊತೆಗೆ, ಅಲ್ಲಿ ತಲುಪುವಾಗ ವೇಗ ಸೆಕೆಂಡಿಗೆ 1,800 ಅಡಿಗೆ ಇಳಿದಿರುತ್ತದೆ. ಬಹಳಷ್ಟು ಬೇಟೆಯ ಗುಂಡುಗಳು ಒಳಗೆ ಹೋಗಿ ಅರಳಲು ಬೇಕಾದ ಕೊನೆಯ ವೇಗ ಹತ್ತಿರ ಹತ್ತಿರ ಅಷ್ಟೇ. ಅರಳದಿದ್ದರೆ ಗುಂಡು ಸೂಜಿಯ ಹಾಗೆ ತೂರಿ ಹೋಗುತ್ತದೆ, ಪ್ರಾಣಿ ಗಂಟೆಗಟ್ಟಲೆ ನರಳುತ್ತದೆ. ಎಲ್ಕ್‌ಗೆ 1,500 ಫುಟ್-ಪೌಂಡ್ ಹೊಡೆತ ಬೇಕು ಅನ್ನುವ ಹಳೆಯ ರೂಢಿಯ ಲೆಕ್ಕ ಹಿಡಿದರೆ ಈ ತೋಟಾ 400 ಗಜ ದಾಟಿದ ಸ್ವಲ್ಪಕ್ಕೇ ನಿಲ್ಲುತ್ತದೆ. ಹಾಗಾಗಿ .30-06 ಇಟ್ಟುಕೊಂಡು ಏನೇ ಜೋಡಿಸಿದರೂ, ಎಲ್ಕ್ ಮೇಲೆ 400ಕ್ಕಿಂತ ಮುಂದೆ ಯೋಚಿಸಬೇಡಿ ಅನ್ನುವುದು ನನ್ನ ಅಭಿಪ್ರಾಯ.

4. ಇರುವ ರೈಫಲ್ಲಿನ ಆರೋಗ್ಯ ನೋಡಿ

ಕೈ 300 ಗಜ ದಾಟಿತು, 400ಕ್ಕೆ ಹೋಗಬೇಕು ಅನ್ನುವವರು ಮುಂದೆ ಓದಿ. ಈಗ ಬೆಂಚ್ ಬಳಸಬಹುದು, ಯಾಕೆಂದರೆ ಅಳೆಯುವುದು ರೈಫಲ್ಲನ್ನು.

ಮೊದಲು ಸ್ಕ್ರೂಗಳು. ಸ್ಕೋಪ್ ಹಿಡಿದಿರುವ ರಿಂಗು, ಅದರ ಕೆಳಗಿನ ಪಟ್ಟಿ, ಸ್ಟಾಕಿಗೆ (ಭುಜಕ್ಕೆ ಒತ್ತಿ ಹಿಡಿಯುವ, ಹೆಚ್ಚಾಗಿ ಮರದ ಭಾಗ) ರೈಫಲ್ ಕೂರಿಸುವ ಸ್ಕ್ರೂ, ಎಲ್ಲವನ್ನೂ ಕಂಪನಿ ಹೇಳಿದ ಬಿಗಿತಕ್ಕೆ ಟಾರ್ಕ್ ರೆಂಚ್‌ನಲ್ಲಿ ಬಿಗಿ ಮಾಡಿ. “ನಳಿಗೆ ಹಾಳಾಗಿದೆ” ಅಂತ ಬಂದ ರೈಫಲ್‌ಗಳಲ್ಲಿ ಎಷ್ಟೋ ಸಲ ಇದೊಂದೇ ರೋಗ. ಆಮೇಲೆ ನಳಿಗೆಯೊಳಗೆ ಅಂಟಿದ ತಾಮ್ರದ ಪದರವನ್ನು ಅದಕ್ಕೆಂದೇ ಸಿಗುವ ದ್ರಾವಣದಿಂದ ತೆಗೆಯಿರಿ. ಒಂದು ಡಾಲರ್ ನೋಟನ್ನು ನಳಿಗೆಗೂ ಸ್ಟಾಕಿಗೂ ನಡುವೆ ಸರಿಸಿ ನೋಡಿ. ಸಲೀಸಾಗಿ ಹೋಗದೆ ಒಂದು ಕಡೆ ಸಿಕ್ಕಿದರೆ ಮರ ನಳಿಗೆಯನ್ನು ಒತ್ತುತ್ತಿರಬಹುದು. ಮಳೆಗೆ ಮರ ಉಬ್ಬಿದಾಗ ಗುರಿ ಬದಲಾಗುವುದು ಇದರಿಂದ. ಕೆಲವು ರೈಫಲ್‌ಗಳಲ್ಲಿ ತುದಿಯ ಹತ್ತಿರ ಬೇಕೆಂದೇ ಆ ಒತ್ತಡ ಇಟ್ಟಿರುತ್ತಾರೆ. ಅದಕ್ಕೇ ನೀವೇ ಮರ ಕೆತ್ತಲು ಹೋಗಬೇಡಿ, ಕೋವಿ ರಿಪೇರಿ ಮಾಡುವ ಗನ್‌ಸ್ಮಿತ್‌ಗೆ ತೋರಿಸಿ.

ಈಗ ಮೂರು ನಾಲ್ಕು ಬಗೆಯ ತೋಟಾ ತಂದು, ಪ್ರತಿಯೊಂದರಲ್ಲಿ ಹತ್ತು ಗುಂಡು 100 ಗಜಕ್ಕೆ ಹೊಡೆಯಿರಿ. ನಡುವೆ ನಳಿಗೆ ತಣ್ಣಗಾಗಲು ಬಿಡಿ. ಮೂರು ಗುಂಡಿನ ಗುಂಪು ನಂಬಬೇಡಿ, ಅದರಲ್ಲಿ ಅದೃಷ್ಟವೇ ಜಾಸ್ತಿ. ಹತ್ತರ ಗುಂಪಿನ ಅಗಲವನ್ನು ಎಂಓಎ ಲೆಕ್ಕದಲ್ಲಿ ಹೇಳುತ್ತಾರೆ. ಎಂಓಎ ಅಂದರೆ ಒಂದು ಡಿಗ್ರಿಯ ಅರವತ್ತನೇ ಒಂದು ಭಾಗದ ಕೋನ. 100 ಗಜದಲ್ಲಿ ಅದು ಹತ್ತಿರ ಹತ್ತಿರ 1 ಇಂಚು, 300ರಲ್ಲಿ 3, 500ರಲ್ಲಿ 5.

ನಿಮ್ಮ ರೈಫಲ್ ಒಂದೂವರೆ ಎಂಓಎ ಹೊಡೆದರೆ 300 ಗಜದಲ್ಲಿ ಗುಂಪು ನಾಲ್ಕೂವರೆ ಇಂಚು. 8 ಇಂಚಿನ ವೃತ್ತದಲ್ಲಿ ನಿಮ್ಮ ಕೈ ತಪ್ಪಿಗೂ ಗಾಳಿಗೂ ಇನ್ನೂ ಜಾಗ ಇದೆ. 500ರಲ್ಲಿ ಅದೇ ಗುಂಪು ಏಳೂವರೆ ಇಂಚು, ಜಾಗವೇ ಇಲ್ಲ. 400ರ ಆಚೆ ಹೋಗುವ ರೈಫಲ್ ಹತ್ತು ಗುಂಡನ್ನು 1 ಎಂಓಎ ಹತ್ತಿರ ಇಡಬೇಕು. ಎಷ್ಟೋ ರೈಫಲ್‌ಗಳು ತೋಟಾ ಬದಲಿಸಿದ ಮಾತ್ರಕ್ಕೆ ಎರಡರಿಂದ ಒಂದಕ್ಕೆ ಬರುತ್ತವೆ. ಬಂದರೆ ಕೆಲಸ ಅರ್ಧ ಮುಗಿಯಿತು.

5. ಬದಲಿಸಲೇಬೇಕು ಅಂದರೆ ಯಾವುದು ಮೊದಲು

ಟ್ರಿಗರ್‌ನಿಂದ ಶುರು ಮಾಡಿ. ಬಿಗಿ ಟ್ರಿಗರ್ ಎಳೆಯುವಾಗ ರೈಫಲ್ ಅಲುಗುತ್ತದೆ. ಎರಡೂವರೆಯಿಂದ ಮೂರೂವರೆ ಪೌಂಡ್ ಒತ್ತಡಕ್ಕೆ ಬಿಡುವ ಟ್ರಿಗರ್ ಬೇಟೆಗೆ ಸರಿ. ಅದಕ್ಕಿಂತ ಹಗುರ ಬೇಡ. ನವೆಂಬರ್ ಚಳಿಗೆ ಕೈಗವಸು ಹಾಕಿ, ಬೆರಳು ಮರಗಟ್ಟಿದಾಗ ಹಗುರ ಟ್ರಿಗರ್ ಅಪಾಯ. ನಿಮ್ಮದು ರೆಮಿಂಗ್ಟನ್ 700 ಆಗಿದ್ದು, 2006ರ ಮೇ 1ರಿಂದ 2014ರ ಏಪ್ರಿಲ್ 9ರೊಳಗೆ ತಯಾರಾದ ಎಕ್ಸ್-ಮಾರ್ಕ್ ಪ್ರೊ ಟ್ರಿಗರ್ ಇದ್ದರೆ ಗಮನಿಸಿ. ತಾನಾಗಿ ಗುಂಡು ಹಾರಬಹುದಾದ ದೋಷಕ್ಕಾಗಿ 2014ರಲ್ಲಿ ಕಂಪನಿ ಅವನ್ನು ವಾಪಸ್ ಕರೆದಿತ್ತು. ಸೆಕೆಂಡ್‌ಹ್ಯಾಂಡ್ ಕೊಂಡವರು ಗನ್‌ಸ್ಮಿತ್ ನೋಡಿ ಸರಿ ಅನ್ನುವವರೆಗೆ ಅದರಲ್ಲಿ ತೋಟಾ ಹಾಕಬೇಡಿ.

ಆಮೇಲೆ ಸ್ಕೋಪ್. ಇಲ್ಲಿ ಜನ ಬರೀ ದೊಡ್ಡದಾಗಿ ಕಾಣುವುದಕ್ಕೆ ದುಡ್ಡು ಕೊಡುತ್ತಾರೆ. 400 ಗಜಕ್ಕೆ 9 ಅಥವಾ 10 ಪಟ್ಟು ಸಾಕು. ಬೇಕಾದದ್ದು ತಿರುಗಿಸಿದಷ್ಟು ಸರಿಯಾಗಿ ಸರಿಯುವ, ವಾಪಸ್ ತಿರುಗಿಸಿದರೆ ಅಲ್ಲೇ ಬಂದು ನಿಲ್ಲುವ ಟರೆಟ್. ಟರೆಟ್ ಅಂದರೆ ಸ್ಕೋಪಿನ ಮೇಲಿನ ತಿರುಗಣೆ, ಸಾಮಾನ್ಯವಾಗಿ ಒಂದು ಕ್ಲಿಕ್ಕಿಗೆ ಕಾಲು ಎಂಓಎ. ಪರೀಕ್ಷೆ ಹೀಗೆ: 100 ಗಜದಲ್ಲಿ ಎತ್ತರದ ಹಲಗೆಗೆ ನೂಲುಗುಂಡು ಇಳಿಬಿಟ್ಟು ನೆಟ್ಟಗೆ ಗೆರೆ ಎಳೆಯಿರಿ. ಕೆಳಗಿನ ಚುಕ್ಕೆಗೇ ಗುರಿ ಇಟ್ಟು 20 ಎಂಓಎ ಮೇಲಕ್ಕೆ ತಿರುಗಿಸಿ ಹೊಡೆಯಿರಿ. ಗುಂಡು 21 ಇಂಚು ಮೇಲೆ, ಗೆರೆಯ ಮೇಲೇ ಬೀಳಬೇಕು. 19ಕ್ಕೆ ಬಿದ್ದರೆ ನಿಮ್ಮ ಲೆಕ್ಕವೆಲ್ಲ ತಪ್ಪುತ್ತದೆ. ಗೆರೆಯಿಂದ ಪಕ್ಕಕ್ಕೆ ಹೋದರೆ ಸ್ಕೋಪ್ ಓರೆಯಾಗಿ ಕೂತಿದೆ.

ಟರೆಟ್‌ಗೆ ಮುಚ್ಚಳವೋ ಲಾಕೋ ಇರಬೇಕು, ಇಲ್ಲದಿದ್ದರೆ ಬ್ಯಾಗಿಗೆ ಉಜ್ಜಿ ತಾನೇ ತಿರುಗುತ್ತದೆ. ಒಳಗಿನ ಗುರುತುಗಳನ್ನು ನೋಡಿ ಹೊಡೆಯುವ ಸ್ಕೋಪ್ ಆದರೆ ಇನ್ನೊಂದು ಎಚ್ಚರ. ಸೆಕೆಂಡ್ ಫೋಕಲ್ ಪ್ಲೇನ್ ಅನ್ನುವ ಬಗೆಯಲ್ಲಿ ಆ ಗುರುತುಗಳ ಅಳತೆ ಒಂದೇ ಒಂದು ಝೂಮ್‌ನಲ್ಲಿ, ಹೆಚ್ಚಾಗಿ ಪೂರ್ತಿ ಝೂಮ್‌ನಲ್ಲಿ, ಮಾತ್ರ ಸರಿ. ಇನ್ನು ಸ್ಕೋಪಿನ ಕೆಳಗೆ 20 ಎಂಓಎ ಓರೆ ಇರುವ ಪಟ್ಟಿ ಹಾಕಿಸಿ ಅಂತ ಅಂಗಡಿಯವರು ಹೇಳಬಹುದು. 100ಕ್ಕೆ ಝೀರೋ ಮಾಡಿದ .30-06ಗೆ 500 ಗಜಕ್ಕೆ ಬೇಕಾದದ್ದೇ 12 ಎಂಓಎ ಹತ್ತಿರ. ಸಾಮಾನ್ಯ ಸ್ಕೋಪಿನಲ್ಲಿ ಅಷ್ಟು ಇದ್ದೇ ಇರುತ್ತದೆ. ಬೇಡ ಅನ್ನಿ.

ಸ್ಟಾಕ್ ಬದಲಿಸುವುದು ಕೆನ್ನೆ ಸರಿಯಾಗಿ ಕೂರದಿದ್ದರೆ ಮಾತ್ರ. ಅದಕ್ಕೂ ಮುಂಚೆ ಕೆನ್ನೆಗೆ ಕಟ್ಟುವ ಪಟ್ಟಿಯೊಂದನ್ನು ಹಾಕಿ ನೋಡಿ.

ಮಜಲ್ ಬ್ರೇಕ್, ಅಂದರೆ ನಳಿಗೆ ತುದಿಗೆ ಹಾಕುವ ರಂಧ್ರದ ತುಂಡು, ಹಿಂದೊದೆತ ಕಮ್ಮಿ ಮಾಡುತ್ತದೆ. ಆದರೆ ಸದ್ದನ್ನು ಪಕ್ಕಕ್ಕೂ ಹಿಂದಕ್ಕೂ ತಳ್ಳುತ್ತದೆ. ಕಿವಿಗೆ ರಕ್ಷಣೆ ಇಲ್ಲದೆ ಒಂದೇ ಗುಂಡಿಗೆ ನಿಮ್ಮ, ಪಕ್ಕದವರ ಕಿವಿ ಶಾಶ್ವತವಾಗಿ ಕೆಡಬಹುದು.

ನಳಿಗೆ ಕೊನೆಗೆ. ಹತ್ತು ಗುಂಡು ಯಾವ ತೋಟಾದಲ್ಲೂ ಒಂದೂವರೆ ಎಂಓಎ ಒಳಗೆ ಬರದಿದ್ದರೆ, ಅಥವಾ ನಳಿಗೆಯ ತಿರುಚು ನಿಮಗೆ ಬೇಕಾದ ಗುಂಡಿಗೆ ಸಾಲದಿದ್ದರೆ ಮಾತ್ರ. ತಿರುಚು ಅಂದರೆ ನಳಿಗೆಯೊಳಗಿನ ಸುರುಳಿ ಗೆರೆ ಎಷ್ಟು ಇಂಚಿಗೆ ಒಂದು ಸುತ್ತು ತಿರುಗುತ್ತದೆ ಅನ್ನುವುದು. ಉದ್ದನೆಯ ಗುಂಡಿಗೆ ಬೇಗ ತಿರುಗುವ ಸುರುಳಿ ಬೇಕು. ಕ್ಯಾಲಿಫೋರ್ನಿಯಾದವರು ಇದನ್ನು ಮರೆಯಬಾರದು: ತಾಮ್ರ ಸೀಸಕ್ಕಿಂತ ಹಗುರ, ಹಾಗಾಗಿ ಅಷ್ಟೇ ತೂಕದ ತಾಮ್ರದ ಗುಂಡು ಉದ್ದವಾಗಿರುತ್ತದೆ. ಕ್ಯಾಲಿಬರ್ ಬದಲಿಸುವ ಆಸೆ ಇದ್ದರೆ, .30-06, .270, .308, 6.5 ಕ್ರೀಡ್‌ಮೂರ್ ಇವೆಲ್ಲದರ ತೋಟಾದ ಬುಡ ಒಂದೇ ಅಳತೆ. 7 ಎಂಎಂ ರೆಮಿಂಗ್ಟನ್ ಮ್ಯಾಗ್ನಂ ಬುಡ ದೊಡ್ಡದು, ಅದಕ್ಕೆ ಬೋಲ್ಟ್ (ತೋಟಾವನ್ನು ಒಳಗೆ ತಳ್ಳಿ ಹಿಂದಿನಿಂದ ಮುಚ್ಚುವ ಭಾಗ) ಕೂಡ ಬದಲಾಗಬೇಕು. ಇದು ಮನೆಯಲ್ಲಿ ಮಾಡುವ ಕೆಲಸ ಅಲ್ಲವೇ ಅಲ್ಲ. ತೋಟಾ ಕೂರುವ ಜಾಗದ ಅಳತೆ ಕೂದಲೆಳೆಯಷ್ಟು ತಪ್ಪಿದರೂ ಸ್ಫೋಟ ಆಗುವುದು ನಿಮ್ಮ ಮುಖದ ಹತ್ತಿರ.

6. ಬದಲಿಸಬೇಡಿ, ಬೇರೆ ಕೊಳ್ಳಿ

ಟ್ರಿಗರ್, ಸ್ಕೋಪ್, ಸ್ಟಾಕ್, ನಳಿಗೆ ನಾಲ್ಕೂ ಬೇಕು ಅಂತ ಲೆಕ್ಕ ಬಂದರೆ ನಿಲ್ಲಿಸಿ. ಕೂಲಿ ಸೇರಿ ಅದು ಸಾವಿರ ಡಾಲರ್ ಸುಲಭವಾಗಿ ದಾಟುತ್ತದೆ. ಅಷ್ಟರೊಳಗೆ ಕಂಪನಿಯಿಂದಲೇ ಚೆನ್ನಾಗಿ ಬರುವ, 6.5 ಕ್ರೀಡ್‌ಮೂರ್‌ನಂಥ ಹೊಸ ರೈಫಲ್ ಸಿಗುತ್ತದೆ. ಹಳೆಯದು 1964ಕ್ಕಿಂತ ಮೊದಲಿನ ವಿಂಚೆಸ್ಟರ್ ಮಾಡೆಲ್ 70 ಆಗಿದ್ದರಂತೂ ಕೈ ಹಚ್ಚಲೇಬೇಡಿ. ಸಂಗ್ರಹಕಾರರು ಅದನ್ನು ಮೂಲ ರೂಪದಲ್ಲಿ ಇದ್ದರೇ ಬೆಲೆ ಕೊಟ್ಟು ಕೊಳ್ಳುವುದು.

ತೂಕದ ವಿಷಯವನ್ನೂ ಈಗಲೇ ನಿರ್ಧರಿಸಿ. ದಪ್ಪ ನಳಿಗೆ, ದೊಡ್ಡ ಸ್ಕೋಪ್ ಸೇರಿ ರೈಫಲ್ 12 ಪೌಂಡ್ ಆದರೆ ರೇಂಜಿನಲ್ಲಿ ಹಿತವಾಗಿರುತ್ತದೆ. 9,000 ಅಡಿ ಎತ್ತರದಲ್ಲಿ, ಹಿಮದಲ್ಲಿ ಅದನ್ನು ಹೊತ್ತು ಏರಿದವರಿಗೆ ಕೊನೆಗೆ ಈಡು ಹೊಡೆಯುವಾಗ ಕೈ ನಡುಗುತ್ತದೆ. ಹಗುರ ರೈಫಲ್ ಇಟ್ಟುಕೊಂಡು ಇನ್ನೂ 150 ಗಜ ಹತ್ತಿರ ಹೋಗುವುದು ಎಷ್ಟೋ ಸಲ ಹೆಚ್ಚು ಫಲ ಕೊಡುತ್ತದೆ. ಗಾಳಿಯ ದಿಕ್ಕು ನೋಡಿ, ಗುಡ್ಡದ ಮರೆಯಲ್ಲಿ ತೆವಳಿ ಹತ್ತಿರ ಹೋಗುವುದನ್ನು ಕಲಿಯಿರಿ ಅಂತ ನಾನು ಹೊಸಬರಿಗೆ ಒತ್ತಿ ಹೇಳುವುದು ಇದಕ್ಕೇ. ಬೇಟೆಯ ವಿದ್ಯೆ ಇರುವುದೂ ಅದರಲ್ಲೇ.

7. ಬದಲಾವಣೆ ಆದ ಮೇಲೆ

ಎರಡನೇ ಹಂತದ ಪರೀಕ್ಷೆಯನ್ನು ಮೊದಲಿನಿಂದ ಮಾಡಿ. ಹೊಸ ರೈಫಲ್ಲಿನ ಹೊಸ ಮಿತಿ ಅಲ್ಲಿ ಸಿಗುತ್ತದೆ. ಗುಂಡು ಎಷ್ಟು ಬೀಳುತ್ತದೆ ಅಂತ ಫೋನಿನ ಆ್ಯಪ್ ಹೇಳಿದ ಲೆಕ್ಕವನ್ನು ಹಾಗೇ ನಂಬದೆ 300, 400 ಗಜದಲ್ಲಿ ನಿಜವಾಗಿ ಹೊಡೆದು ತಿದ್ದಿ, ಕಾರ್ಡಿನಲ್ಲಿ ಬರೆದು ಸ್ಟಾಕಿಗೆ ಅಂಟಿಸಿ. ಫೋನ್ ಚಳಿಗೆ ಕೈ ಕೊಡುತ್ತದೆ.

ಡಲ್ಲಾಸ್ ಸುತ್ತ ಝೀರೋ ಮಾಡಿ ಕೊಲೊರಾಡೊಗೆ ಹೋಗುವವರು ಅಲ್ಲಿ ತಲುಪಿದ ಮೇಲೆ ಮತ್ತೆ ಹೊಡೆದು ನೋಡಬೇಕು. ಎತ್ತರದಲ್ಲಿ ಗಾಳಿ ತೆಳುವಾಗಿರುವುದರಿಂದ ದೂರದಲ್ಲಿ ಗುಂಡು ಕೆಲವು ಇಂಚು ಕಮ್ಮಿ ಬೀಳುತ್ತದೆ. ಕಾರಿನಲ್ಲೋ ವಿಮಾನದಲ್ಲೋ ಕುಲುಕಿ ಸ್ಕೋಪ್ ಸರಿದಿರಲೂಬಹುದು.

ಗುಡ್ಡದ ನೆತ್ತಿಯಲ್ಲಿ ಆಕಾಶಕ್ಕೆ ಎದುರಾಗಿ ನಿಂತ ಪ್ರಾಣಿಗೆ ಎಷ್ಟೇ ಹತ್ತಿರವಿದ್ದರೂ ಹೊಡೆಯಬೇಡಿ. .30-06 ಗುಂಡು ಮೂರು ಮೈಲಿ ಹೋಗಬಲ್ಲದು. ದೂರದ ಈಡು ಹೊಡೆದ ಮೇಲೆ ಪ್ರಾಣಿ ನಿಂತಿದ್ದ ಜಾಗವನ್ನು ಒಂದು ಮರದ, ಬಂಡೆಯ ಗುರುತಿನಿಂದ ನೆನಪಿಟ್ಟುಕೊಂಡು, ಫೋಟೋ ತೆಗೆದು, ಆಮೇಲೆ ಹೊರಡಿ. ಕಣಿವೆ ಇಳಿದು ಹತ್ತುವಾಗ ಎಲ್ಲ ಮರವೂ ಒಂದೇ ತರ ಕಾಣುತ್ತವೆ. ಬಿದ್ದಿಲ್ಲ ಅನ್ನಿಸಿದರೂ ಹೋಗಿ ರಕ್ತದ ಗುರುತು ಹುಡುಕಲೇಬೇಕು.

ಸೀಸನ್ ಮುಗಿದು ಊರಿಗೆ ಹೊರಡುವವರು ಬೇಟೆಗೆ ಒಯ್ದ ಬ್ಯಾಗು, ಜಾಕೆಟ್ಟನ್ನು ಪ್ರಯಾಣಕ್ಕೆ ಬಳಸಲೇಬೇಡಿ. ಜೇಬಿನ ಮೂಲೆಯಲ್ಲಿ ಉಳಿದ ಒಂದೇ ಒಂದು ತೋಟಾ ಬೆಂಗಳೂರಿನ ವಿಮಾನ ನಿಲ್ದಾಣದಲ್ಲಿ ಸಿಕ್ಕರೂ ಶಸ್ತ್ರಾಸ್ತ್ರ ಕಾಯ್ದೆಯಡಿ ಕೇಸ್ ಆಗಬಹುದು.